ತಾಳಗುಪ್ಪದ ರೈಲು ಯಾರ ಕೈಯಲ್ಲಿದ್ದರೆ ವಾಸಿ? ರೈಲ್ವೆ ಖಾಸಗೀಕರಣದ ದಾರಿಗಳನ್ನು ತೂಗಿ ನೋಡುವವರಿಗೆ

ರೈಲ್ವೆಯನ್ನು ಖಾಸಗಿಯವರಿಗೆ ಕೊಡಬೇಕೋ ಬೇಡವೋ ಎಂಬ ಮಾತು ಶಿವಮೊಗ್ಗದ ಕಡೆ ಎದ್ದರೆ ಎರಡೇ ನಿಮಿಷದಲ್ಲಿ ಹಳಿ ಬಿಟ್ಟು ರಸ್ತೆಗೆ ಇಳಿಯುತ್ತದೆ. ಒಬ್ಬರು ಭದ್ರಾವತಿಯತ್ತ ಕೈ ತೋರಿಸುತ್ತಾರೆ: ಸರ್ಕಾರದ ಕೈಯಲ್ಲಿದ್ದ ಕಾಗದದ ಕಾರ್ಖಾನೆ ನಿಂತುಹೋಯಿತಲ್ಲ, ರೈಲೂ ಹಾಗೆಯೇ ಆಗಬೇಕೇ? ಇನ್ನೊಬ್ಬರು ಹೊಸನಗರದ ಕಡೆಯ ಖಾಸಗಿ ಬಸ್ಸಿನ ಕಥೆ ತೆಗೆಯುತ್ತಾರೆ: ಕಲೆಕ್ಷನ್ ಆಗದ ದಿನ ಕೊನೆಯ ಟ್ರಿಪ್ ಇಲ್ಲ, ಕೇಳುವವರೂ ಇಲ್ಲ. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ. ಆದರೆ ಕಾರ್ಖಾನೆಯನ್ನು ಇಡಿಯಾಗಿ ಮಾರಬಹುದು, ಬಸ್ಸಿಗೆ ರಸ್ತೆಯ ಚಿಂತೆಯಿಲ್ಲ. ರೈಲ್ವೆಯಲ್ಲಿ ಹಳಿ, ಸಿಗ್ನಲ್, ನಿಲ್ದಾಣ, ಇಂಜಿನ್, ಬೋಗಿ, ವೇಳಾಪಟ್ಟಿ, ಟಿಕೆಟ್ ದರ ಎಲ್ಲವೂ ಬೇರೆ ಬೇರೆ. ಯಾವುದನ್ನು ಯಾರಿಗೆ, ಎಷ್ಟು ವರ್ಷಕ್ಕೆ, ಯಾವ ಷರತ್ತಿನ ಮೇಲೆ ಕೊಡುತ್ತಾರೆ ಎಂದು ಕೇಳದೆ ಪರ ವಿರೋಧ ನಿಂತರೆ ಗಂಟಲು ನೋವೊಂದೇ ಲಾಭ.

ಬೇರೆ ದೇಶಗಳು ಹಿಡಿದ ಮುಖ್ಯ ದಾರಿಗಳನ್ನೂ ನಮ್ಮಲ್ಲೇ ನಡೆದ ಪ್ರಯೋಗಗಳನ್ನೂ ಮಲೆನಾಡಿನ ಪ್ರಯಾಣಿಕರ ಕಣ್ಣಿನಿಂದ ಇಲ್ಲಿ ಹೋಲಿಸಿದ್ದೇನೆ. ದೆಹಲಿ–ಮುಂಬೈ ಮಾರ್ಗದಲ್ಲಿ ಓಡಾಡುವವರ ಆಯ್ಕೆ ಬೇರೆ ಇರಬಹುದು, ಇರಲಿ.

ಅಳತೆಗೋಲು ಯಾವುದು

ನಾವು ಮಾರ್ಗದ ತುದಿಯಲ್ಲಿರುವವರು. ಬೀರೂರಿನಲ್ಲಿ ಮುಖ್ಯ ಮಾರ್ಗ ಬಿಟ್ಟ ರೈಲು ತರೀಕೆರೆ, ಭದ್ರಾವತಿ, ಶಿವಮೊಗ್ಗ, ಕುಂಸಿ, ಅರಸಾಳು, ಆನಂದಪುರ, ಸಾಗರ ಜಂಬಗಾರು ದಾಟಿ ತಾಳಗುಪ್ಪದಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಹಳಿಯಿಲ್ಲ. ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ನೂರು ಕಿಲೋಮೀಟರಿಗೆ ತುಸು ಕಡಿಮೆ, ಒಂಟಿ ಹಳಿ, ಸುತ್ತ ಕಾಡು, ಮಳೆಗಾಲದಲ್ಲಿ ಮರ ಬೀಳುವ ಜಾಗ. ಮೀಟರ್ ಗೇಜಿನ ಕಾಲದಲ್ಲಿ ಇದೇ ಹಳಿಯ ಮೇಲೆ ಬಸ್ಸಿನಷ್ಟೇ ಗಾತ್ರದ ರೈಲ್‌ ಬಸ್ ಓಡುತ್ತಿತ್ತು ಎನ್ನುವುದನ್ನು ನೆನೆದರೆ ಸಾಕು, ಲೆಕ್ಕಪತ್ರದವರ ಕಣ್ಣಿಗೆ ಈ ಮಾರ್ಗ ಹೇಗೆ ಕಾಣುತ್ತದೆ ಎಂದು ತಿಳಿಯುತ್ತದೆ.

ಆದ್ದರಿಂದ ಯಾವ ಮಾದರಿ ಮುಂದಿಟ್ಟರೂ ನಾನು ಮೊದಲು ನೋಡುವುದು ಎರಡು ಸಂಗತಿ. ನಷ್ಟದ ಮಾರ್ಗದ ಖರ್ಚು ಯಾರ ತಲೆಯ ಮೇಲೆ? ಹಳಿ ಕೆಟ್ಟರೆ ಉತ್ತರ ಕೊಡುವವರು ಯಾರು? ಹವಾನಿಯಂತ್ರಿತ ಬೋಗಿ, ಹೊಸ ಸೀಟು, ಊಟದ ತಟ್ಟೆ ಇವೆಲ್ಲ ಆಮೇಲಿನ ಮಾತು. ಹೋಲಿಕೆಯ ಪಟ್ಟಿಗಳಲ್ಲಿ ಇವನ್ನೇ ಮೊದಲಿಗೆ ಹಾಕುತ್ತಾರೆ, ಏಕೆಂದರೆ ಫೋಟೊ ತೆಗೆಯಲು ಬರುವುದು ಇವಷ್ಟೇ.

ಈಗಿರುವ ವ್ಯವಸ್ಥೆ

ಕಂಪ್ಯೂಟರ್ ಟಿಕೆಟ್ ಕೈಯಲ್ಲಿದ್ದರೆ ಒಮ್ಮೆ ಓದಿ ನೋಡಿ. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ 57ರಷ್ಟನ್ನು ಮಾತ್ರ ರೈಲ್ವೆ ವಸೂಲು ಮಾಡುತ್ತದೆ ಎಂಬ ಸಾಲು ವರ್ಷಗಳಿಂದ ಅಲ್ಲಿ ಅಚ್ಚಾಗುತ್ತಿದೆ. ಉಪಕಾರ ಮಾಡಿದ್ದನ್ನು ಕೊಟ್ಟವರೇ ಎತ್ತಿ ಆಡಿದಂತಿದ್ದರೂ ಲೆಕ್ಕದ ಹುರುಳು ಇದೆ. ರೈಲ್ವೆಯ ಗಳಿಕೆಯಲ್ಲಿ ಸುಮಾರು ಮೂರನೇ ಎರಡು ಪಾಲು ಬರುವುದು ಗೂಡ್ಸ್‌ನಿಂದ. ಕಲ್ಲಿದ್ದಲು, ಅದಿರು, ಸಿಮೆಂಟ್ ಸಾಗಿಸಿ ಬಂದ ಹಣದಲ್ಲಿ ಜನರಲ್ ಬೋಗಿಯ ಟಿಕೆಟ್ ಅಗ್ಗವಾಗಿದೆ, ತಾಳಗುಪ್ಪದಂಥ ಮಾರ್ಗ ಉಸಿರಾಡುತ್ತಿದೆ. ಈ ಒಳಗಿನ ವರ್ಗಾವಣೆಯನ್ನು ಯಾರೂ ಮತ ಹಾಕಿ ತೀರ್ಮಾನಿಸಿದ್ದಲ್ಲ, ಯಾರಿಗೂ ಸರಿಯಾಗಿ ಕಾಣುವುದೂ ಇಲ್ಲ. ಅದೇ ಅದರ ಬಲ, ಅದೇ ದೌರ್ಬಲ್ಯ. ನಮ್ಮ ಮಾರ್ಗಕ್ಕೆ ವರ್ಷಕ್ಕೆ ಎಷ್ಟು ಖರ್ಚು, ಎಷ್ಟು ಗಳಿಕೆ ಎಂದು ಕೇಳಿದರೆ ಪ್ರಯಾಣಿಕರಿಗೆ ಅರ್ಥವಾಗುವ ಉತ್ತರ ಸಿಗುವುದಿಲ್ಲ. ರೈಲ್ವೆ ಸುಧಾರಣೆಯ ಬಗ್ಗೆ 2015ರಲ್ಲಿ ವರದಿ ಕೊಟ್ಟ ಬಿಬೇಕ್ ದೇಬ್ರಾಯ್ ಸಮಿತಿ ಲೆಕ್ಕಪತ್ರದ ಸುಧಾರಣೆಗೆ ಒತ್ತು ಕೊಟ್ಟದ್ದು ಸುಮ್ಮನಲ್ಲ.

ಸರ್ಕಾರದ್ದೇ ಆದ ಮಾತ್ರಕ್ಕೆ ಬಡವರ ಪರ ಎಂದುಕೊಳ್ಳುವುದಕ್ಕೂ ಆಗದು. ಹಿರಿಯ ನಾಗರಿಕರ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿದ್ದು ಸರ್ಕಾರಿ ರೈಲ್ವೆಯೇ. ಕೊರೊನಾ ಹೋಗಿ ವರ್ಷಗಳಾದರೂ ಅದು ಮರಳಿ ಬರಲಿಲ್ಲ. ಬೇಡಿಕೆ ಹೆಚ್ಚಿದಂತೆ ದರ ಏರುವ ಪದ್ಧತಿಯೂ ಖಾಸಗಿ ಕಂಪನಿ ತಂದದ್ದಲ್ಲ. ನಮ್ಮ ಪಾಲಿಗೆ ಈ ವ್ಯವಸ್ಥೆಯ ಕೊರತೆ ಇನ್ನೊಂದಿದೆ: ಸಾಗರಕ್ಕೆ ಬೆಳಿಗ್ಗೆ ಕಚೇರಿ ಹೊತ್ತಿಗೆ ಒಂದು ರೈಲು ಬೇಕೆಂದರೆ ಶಿವಮೊಗ್ಗದಲ್ಲಿ ಕೂತ ಯಾರೂ ಅದನ್ನು ತೀರ್ಮಾನಿಸಲಾರರು. ಮನವಿ ಮೈಸೂರು ವಿಭಾಗಕ್ಕೆ, ಅಲ್ಲಿಂದ ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ, ಅಲ್ಲಿಂದ ದೆಹಲಿಗೆ. ಸಂಸದರಿಗೆ ಮನಸ್ಸಿದ್ದರೆ ರೈಲು, ಇಲ್ಲದಿದ್ದರೆ ಹಾರ ತುರಾಯಿ.

ಬ್ರಿಟನ್: ತುಂಡು ಮಾಡಿ ಮಾರಿದ್ದು

ಖಾಸಗೀಕರಣ ಎಂದೊಡನೆ ಎರಡೂ ಕಡೆಯವರು ಹಿಡಿಯುವ ಉದಾಹರಣೆ ಇದು. ಸ್ವಲ್ಪ ವಿವರವಾಗಿಯೇ ನೋಡೋಣ, ಏಕೆಂದರೆ ಇಲ್ಲಿ ಏನು ಕೆಟ್ಟಿತು ಎಂಬುದರಲ್ಲಿ ನಮಗೆ ಬೇಕಾದ ಪಾಠ ಹೆಚ್ಚು.

1993ರ ಕಾಯ್ದೆಯ ಮೂಲಕ ಬ್ರಿಟಿಷ್ ರೈಲನ್ನು ನೂರಕ್ಕೂ ಹೆಚ್ಚು ತುಂಡು ಮಾಡಿದರು. ಹಳಿ, ಸಿಗ್ನಲ್, ನಿಲ್ದಾಣ ರೈಲ್‌ಟ್ರ್ಯಾಕ್ ಎಂಬ ಕಂಪನಿಗೆ ಹೋದವು. 1996ರಲ್ಲಿ ಅದರ ಷೇರು ಮಾರುಕಟ್ಟೆಗೆ ಬಂತು. ಪ್ರಯಾಣಿಕರ ರೈಲು ಓಡಿಸುವುದು 25 ಕಂಪನಿಗಳಿಗೆ, ಕೆಲವು ವರ್ಷಗಳ ಗುತ್ತಿಗೆಯ ಮೇಲೆ. ಬೋಗಿ ಇಂಜಿನ್‌ಗಳು ಇನ್ನೂ ಬೇರೆಯವರ ಪಾಲು: ಮೂರು ಕಂಪನಿಗಳು ಅವನ್ನು ಕೊಂಡು ರೈಲು ಓಡಿಸುವವರಿಗೆ ಬಾಡಿಗೆಗೆ ಕೊಟ್ಟವು. ಆ ಮೂರರಲ್ಲಿ ಒಂದು 1996ರ ಆರಂಭದಲ್ಲಿ ಸುಮಾರು 53 ಕೋಟಿ ಪೌಂಡಿಗೆ ಮಾರಾಟವಾಗಿ, ಅದೇ ವರ್ಷ 82 ಕೋಟಿಗೂ ಹೆಚ್ಚು ಬೆಲೆಗೆ ಮತ್ತೆ ಕೈ ಬದಲಾಯಿಸಿತು. ಸಾರ್ವಜನಿಕ ಆಸ್ತಿಗೆ ಅವಸರದಲ್ಲಿ ಬೆಲೆ ಕಟ್ಟಿದರೆ ನಡುವೆ ನಿಂತವರ ಜೇಬು ತುಂಬುತ್ತದೆ. ಅಡಿಕೆ ವ್ಯಾಪಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2000ದ ಅಕ್ಟೋಬರ್ 17ರಂದು ಲಂಡನ್ನಿನ ಉತ್ತರಕ್ಕಿರುವ ಹ್ಯಾಟ್‌ಫೀಲ್ಡ್ ಬಳಿ ವೇಗದ ರೈಲೊಂದು ಹಳಿ ತಪ್ಪಿ ನಾಲ್ವರು ಸತ್ತರು. ಬಿರುಕು ಬಿಟ್ಟಿದ್ದ ಹಳಿ ರೈಲಿನ ಭಾರಕ್ಕೆ ಚೂರುಚೂರಾಗಿತ್ತು. ಆ ಹಳಿ ಕೆಟ್ಟಿದೆ ಎಂಬುದು ಮೊದಲೇ ಗೊತ್ತಿತ್ತು. ಬದಲಿ ಹಳಿಯ ವ್ಯವಸ್ಥೆಯೂ ಆಗಿತ್ತು, ಆದರೆ ಯಾರೂ ಹಾಕಿರಲಿಲ್ಲ. ಹಳಿಯ ಮಾಲೀಕ ಒಬ್ಬ, ನಿರ್ವಹಣೆಯ ಗುತ್ತಿಗೆ ಇನ್ನೊಬ್ಬನಿಗೆ, ಬದಲಾಯಿಸುವ ಗುತ್ತಿಗೆ ಮತ್ತೊಬ್ಬನಿಗೆ. ಅಪಘಾತದ ನಂತರ ಬಯಲಾದ ಸಂಗತಿ ಇನ್ನೂ ಕೆಟ್ಟದ್ದು: ತನ್ನ ಹಳಿಗಳ ಸ್ಥಿತಿ ಎಲ್ಲೆಲ್ಲಿ ಹೇಗಿದೆ ಎಂಬ ಸರಿಯಾದ ದಾಖಲೆ ರೈಲ್‌ಟ್ರ್ಯಾಕ್ ಬಳಿ ಇರಲೇ ಇಲ್ಲ. ಹೆದರಿದ ಕಂಪನಿ ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಕಡೆ ವೇಗ ಮಿತಿ ಹಾಕಿತು, ತಿಂಗಳುಗಟ್ಟಲೆ ವೇಳಾಪಟ್ಟಿ ಕುಸಿಯಿತು. 2001ರ ಅಕ್ಟೋಬರ್‌ನಲ್ಲಿ ಸರ್ಕಾರದ ಕೋರಿಕೆಯ ಮೇಲೆ ನ್ಯಾಯಾಲಯ ಕಂಪನಿಯನ್ನು ಆಡಳಿತಾಧಿಕಾರಿಗಳ ಕೈಗೆ ಒಪ್ಪಿಸಿತು. 2002ರಲ್ಲಿ ಲಾಭದ ಉದ್ದೇಶವಿಲ್ಲದ ನೆಟ್‌ವರ್ಕ್ ರೈಲ್ ಎಂಬ ಸಂಸ್ಥೆ ಹಳಿಗಳನ್ನು ವಹಿಸಿಕೊಂಡಿತು. 2014ರಿಂದ ಅದು ಲೆಕ್ಕದಲ್ಲೂ ಸರ್ಕಾರದ್ದೇ.

ತಡವಾದ ಪ್ರತಿ ರೈಲಿಗೂ ತಪ್ಪು ಯಾರದು, ದಂಡ ಯಾರು ಕಟ್ಟಬೇಕು ಎಂದು ತೀರ್ಮಾನಿಸುವುದಕ್ಕೇ ಅಲ್ಲಿ ನೂರಾರು ನೌಕರರು ಬೇಕಾದರು. ಇದನ್ನು ಅರಸಾಳಿನ ಕಾಡಿಗೆ ತಂದು ನೋಡಿ. ಜುಲೈ ತಿಂಗಳ ರಾತ್ರಿ ಹಳಿಯ ಮೇಲೆ ಮರ ಬಿದ್ದಿದೆ. ಈಗಾದರೆ ಗ್ಯಾಂಗ್‌ಮನ್‌ಗಳು ಗರಗಸ ಹಿಡಿದು ಬರುತ್ತಾರೆ, ಅವರ ಮೇಲಿನವರೂ ರೈಲು ಓಡಿಸುವವರೂ ಒಂದೇ ಇಲಾಖೆಯವರು. ಬ್ರಿಟನ್ನಿನ ಏರ್ಪಾಟಿನಲ್ಲಿ ಮರ ಕಡಿಯುವ ಗುತ್ತಿಗೆ ಬೇರೆಯವರಿಗೆ, ತಡವಾದ ರೈಲು ಬೇರೆಯವರದು, ಬೋಗಿಯ ಬಾಡಿಗೆ ಎಣಿಸುವವರು ಇನ್ನೊಬ್ಬರು, ಮರ ಅರಣ್ಯ ಇಲಾಖೆಯದು. ಮರ ಎತ್ತುವುದು ಬೆಳಗಿನೊಳಗೆ ಮುಗಿದೀತು, ಪತ್ರ ವ್ಯವಹಾರ ಮುಂದಿನ ಮಳೆಗಾಲಕ್ಕೂ ಮುಗಿಯದು.

ಆದರೂ ಬ್ರಿಟನ್ನಿನದು ಬರೀ ಸೋಲು ಎನ್ನುವವರ ಜೊತೆ ನನಗೆ ಸಹಮತವಿಲ್ಲ. ತೊಂಬತ್ತರ ದಶಕದ ನಡುವಿನಿಂದ ಕೊರೊನಾ ಬರುವ ತನಕ ಅಲ್ಲಿ ರೈಲು ಪ್ರಯಾಣಗಳ ಸಂಖ್ಯೆ ಎರಡು ಪಟ್ಟಿಗೂ ಮೀರಿ ಬೆಳೆಯಿತು. ಜನ ಬೇಡವೆಂದು ಬಿಟ್ಟ ಸೇವೆ ಹೀಗೆ ಬೆಳೆಯುವುದಿಲ್ಲ. ಟಿಕೆಟ್ ಮಾರುವುದು, ರೈಲುಗಳ ಸಂಖ್ಯೆ ಹೆಚ್ಚಿಸುವುದು ಕಂಪನಿಗಳಿಗೆ ಚೆನ್ನಾಗಿ ಬಂತು. ಬಾರದೆ ಹೋದದ್ದು ಹರಾಜಿನಲ್ಲಿ ಕೂಗಿದ ಹಣ ಕಟ್ಟುವುದು. ಲಂಡನ್–ಎಡಿನ್‌ಬರೊ ಪೂರ್ವ ಕರಾವಳಿ ಮಾರ್ಗವೊಂದರಲ್ಲೇ ಮೂರು ಕಂಪನಿಗಳು ಒಂದಾದ ಮೇಲೊಂದು ಅವಧಿಗೆ ಮುನ್ನ ಕೈಬಿಟ್ಟವು. 2018ರಲ್ಲಿ ಸರ್ಕಾರವೇ ಅದನ್ನು ಓಡಿಸತೊಡಗಿತು. ಕೊನೆಗೆ 2024ರಲ್ಲಿ ಪ್ರಯಾಣಿಕರ ರೈಲುಗಳನ್ನು ಮರಳಿ ಸಾರ್ವಜನಿಕ ಒಡೆತನಕ್ಕೆ ತರುವ ಕಾಯ್ದೆಯಾಯಿತು, 2025ರ ಮೇ ತಿಂಗಳಿಂದ ಗುತ್ತಿಗೆಗಳು ಒಂದೊಂದಾಗಿ ಹಿಂದಕ್ಕೆ ಬರುತ್ತಿವೆ. ಗೂಡ್ಸ್ ರೈಲುಗಳು ಮಾತ್ರ ಈಗಲೂ ಖಾಸಗಿ. ಅದರ ಬಗ್ಗೆ ಅಲ್ಲಿ ದೊಡ್ಡ ತಕರಾರೂ ಇಲ್ಲ.

ಜಪಾನ್: ದೊಡ್ಡ ಊರಿಗೆ ಹಬ್ಬ

ಜಪಾನಿನ ರೈಲು ಸೆಕೆಂಡಿನ ಲೆಕ್ಕದಲ್ಲಿ ಬರುತ್ತದೆ, ಅದು ಖಾಸಗಿ, ಆದ್ದರಿಂದ ನಾವೂ ಮಾಡೋಣ ಎನ್ನುವ ವಾದ ಕೇಳಿರುತ್ತೀರಿ. ಅರ್ಧ ನಿಜ.

1987ರ ಏಪ್ರಿಲ್ 1ರಂದು ಜಪಾನ್ ತನ್ನ ರಾಷ್ಟ್ರೀಯ ರೈಲ್ವೆಯನ್ನು ಆರು ಪ್ರಾಂತೀಯ ಪ್ರಯಾಣಿಕ ಕಂಪನಿಗಳಾಗಿ, ಒಂದು ಗೂಡ್ಸ್ ಕಂಪನಿಯಾಗಿ ಒಡೆಯಿತು. ಬ್ರಿಟನ್ನಿನಂತೆ ಹಳಿ ಒಬ್ಬರಿಗೆ, ರೈಲು ಒಬ್ಬರಿಗೆ ಮಾಡಲಿಲ್ಲ. ಪ್ರತಿ ಪ್ರಾಂತ್ಯದಲ್ಲೂ ಹಳಿ, ರೈಲು, ನಿಲ್ದಾಣ, ನಿಲ್ದಾಣದ ಮೇಲಿನ ಅಂಗಡಿ ಮಳಿಗೆ ಎಲ್ಲ ಒಂದೇ ಕಂಪನಿಯದು. ಹಳಿ ಕೆಟ್ಟರೆ ಅವರದೇ ರೈಲು ನಿಲ್ಲುತ್ತದೆ, ಹೊಣೆ ಜಾರಿಸಲು ಜಾಗವಿಲ್ಲ. ಈ ಒಂದು ಗುಣಕ್ಕಾಗಿ ಬ್ರಿಟನ್ನಿಗಿಂತ ಇದು ಎಷ್ಟೋ ಮೇಲು. ಟೋಕಿಯೊ, ಒಸಾಕಾ ಸುತ್ತಲಿನ ಕಂಪನಿಗಳು ಲಾಭಕ್ಕೆ ಬಂದವು, ತೊಂಬತ್ತರ ದಶಕದಲ್ಲಿ ಷೇರುಪೇಟೆಗೂ ಹೋದವು. ದರವನ್ನು ದಶಕಗಳ ಕಾಲ ಹೆಚ್ಚುಕಡಿಮೆ ಏರಿಸದೆ ನಡೆಸಿದವು.

ಉಳಿದರ್ಧ ಹೀಗಿದೆ. ಹಳೆಯ ರೈಲ್ವೆಯ ಸಾಲ ಸುಮಾರು 37 ಲಕ್ಷ ಕೋಟಿ ಯೆನ್. ಅದರ ದೊಡ್ಡ ಪಾಲನ್ನು ಹೊಸ ಕಂಪನಿಗಳ ಮೇಲೆ ಹೊರಿಸದೆ ಬೇರೆಯಾಗಿ ಇಟ್ಟರು, 1998ರಲ್ಲಿ ಉಳಿದದ್ದು ತೆರಿಗೆದಾರರ ತಲೆಗೆ ಬಂತು. ಒಡೆಯುವ ಹೊತ್ತಿನಲ್ಲೇ 83 ಸಣ್ಣ ಮಾರ್ಗಗಳನ್ನು ರೈಲ್ವೆಯಿಂದ ಬೇರ್ಪಡಿಸಿದರು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಹಳಿ ಹೋಗಿ ಬಸ್ಸು ಬಂತು. ಇನ್ನು ಉತ್ತರದ ಹೊಕ್ಕೈಡೊ ದ್ವೀಪ: ಜನ ವಿರಳ, ಹಿಮ ವಿಪರೀತ. ಅಲ್ಲಿನ ಕಂಪನಿ ಇಂದಿಗೂ ಸರ್ಕಾರದ ಕೈಯಲ್ಲೇ ಇದೆ, ಕೊಳ್ಳುವವರಿಲ್ಲ. ತನ್ನ ಜಾಲದ ಅರ್ಧದಷ್ಟನ್ನು, ಸುಮಾರು 1,237 ಕಿಲೋಮೀಟರನ್ನು, ತಾನೊಬ್ಬನೇ ಉಳಿಸಿಕೊಳ್ಳಲಾರೆ ಎಂದು ಅದು 2016ರಲ್ಲಿ ಬಹಿರಂಗವಾಗಿ ಹೇಳಿತು. 2019ರಲ್ಲಿ ಯೂಬಾರಿ ಎಂಬ ಹಳೆಯ ಕಲ್ಲಿದ್ದಲು ಗಣಿಯ ಊರಿನ ಕವಲು ಮಾರ್ಗ ಮುಚ್ಚಿತು. ನಮ್ಮಲ್ಲಿ ಹಿಮವಿಲ್ಲ, ಮಳೆಯಿದೆ. ಅಷ್ಟೇ ವ್ಯತ್ಯಾಸ. ಈ ಮಾದರಿ ಕರ್ನಾಟಕಕ್ಕೆ ಬಂದರೆ ಬೆಂಗಳೂರು ಟೋಕಿಯೊ ಆದೀತು, ನಾವು ಹೊಕ್ಕೈಡೊ ಆಗುತ್ತೇವೆ.

ಸಮಯಪಾಲನೆಯ ಬೆಲೆಯನ್ನೂ ಹೇಳದೆ ಬಿಡಬಾರದು. 2005ರ ಏಪ್ರಿಲ್ 25ರಂದು ಅಮಗಸಾಕಿಯಲ್ಲಿ ಒಂದೂವರೆ ನಿಮಿಷ ತಡವಾಗಿದ್ದ ರೈಲನ್ನು ಚಾಲಕ ಅತಿ ವೇಗದಲ್ಲಿ ತಿರುವಿಗೆ ನುಗ್ಗಿಸಿದ. ಆತನೂ ಸೇರಿ 107 ಮಂದಿ ಸತ್ತರು. ತಡ ಮಾಡಿದ ಚಾಲಕರನ್ನು ಶಿಕ್ಷಿಸುವ ಕಂಪನಿಯ ಪದ್ಧತಿ ಆಮೇಲೆ ತೀವ್ರ ಟೀಕೆಗೆ ಗುರಿಯಾಯಿತು. ಟೈಮಿಂಗ್‌ಗಾಗಿ ಆಗುಂಬೆ ರಸ್ತೆಯಲ್ಲಿ ಪೈಪೋಟಿಗೆ ಬೀಳುವ ಬಸ್ಸುಗಳಲ್ಲಿ ಕೂತವರಿಗೆ ಈ ಒತ್ತಡದ ಪರಿಚಯವಿದ್ದೇ ಇದೆ.

ಮಾರಿ, ಮರಳಿ ಕೊಂಡವರು ಇನ್ನೂ ಇದ್ದಾರೆ. ನ್ಯೂಜಿಲೆಂಡ್ 1993ರಲ್ಲಿ ಮಾರಿ 2008ರಲ್ಲಿ ಮಾರಿದ್ದಕ್ಕಿಂತ ಹೆಚ್ಚು ಬೆಲೆಗೆ ವಾಪಸು ಪಡೆಯಿತು. ಅರ್ಜೆಂಟೀನಾದಲ್ಲಿ ತೊಂಬತ್ತರ ದಶಕದಲ್ಲಿ ಗುತ್ತಿಗೆಗೆ ಕೊಟ್ಟರು, ದೂರದ ಊರುಗಳ ರೈಲುಗಳು ಬಹುಪಾಲು ನಿಂತವು. 2012ರಲ್ಲಿ ಬ್ಯೂನಸ್ ಐರಿಸ್‌ನ ಒನ್ಸೆ ನಿಲ್ದಾಣದಲ್ಲಿ ರೈಲು ಅಪ್ಪಳಿಸಿ 51 ಜನ ಸತ್ತ ಮೇಲೆ ಸರ್ಕಾರ ಹಿಂದಕ್ಕೆ ಹೆಜ್ಜೆ ಇಟ್ಟಿತು.

ನಮ್ಮಲ್ಲೇ ನಡೆದ ಅರೆಬರೆ ಪ್ರಯೋಗಗಳು

ಭಾರತಕ್ಕೆ ಖಾಸಗಿ ರೈಲು ಹೊಸದಲ್ಲ. ಮೊದಲ ಹಳಿಗಳನ್ನು ಹಾಕಿದ್ದೇ ಇಂಗ್ಲೆಂಡಿನ ಕಂಪನಿಗಳು. ಹೂಡಿದ ಬಂಡವಾಳಕ್ಕೆ ಶೇ 5ರ ಆದಾಯವನ್ನು ಸರ್ಕಾರ ಖಾತರಿ ಮಾಡಿತ್ತು. ಲಾಭ ಕಂಪನಿಗೆ, ಕೊರತೆ ಭಾರತದ ತೆರಿಗೆ ಹಣಕ್ಕೆ. ಇಂಥ ಕರಾರಿದ್ದರೆ ಯಾರು ತಾನೇ ಖರ್ಚು ಹಿಡಿತದಲ್ಲಿಟ್ಟಾರು? 1921ರಲ್ಲಿ ರೈಲ್ವೆ ಆಡಳಿತವನ್ನು ಪರಿಶೀಲಿಸಿದ ಆಕ್ವರ್ತ್ ಸಮಿತಿ ಸರ್ಕಾರವೇ ನಡೆಸುವುದು ವಾಸಿ ಎಂದದ್ದಕ್ಕೆ ಈ ಅನುಭವವೂ ಕಾರಣ.

ಇತ್ತೀಚಿನದು ಹೀಗಿದೆ. ಕಂಟೇನರ್ ಗೂಡ್ಸ್ ರೈಲುಗಳಿಗೆ 2006ರಲ್ಲಿ ಖಾಸಗಿಯವರನ್ನು ಬಿಟ್ಟುಕೊಂಡರು, ಅದು ಸದ್ದಿಲ್ಲದೆ ನಡೆದಿದೆ. 2019ರ ಅಕ್ಟೋಬರ್‌ನಲ್ಲಿ ಲಕ್ನೋ–ದೆಹಲಿ ತೇಜಸ್ ಎಕ್ಸ್‌ಪ್ರೆಸ್ ಬಂತು. ಖಾಸಗಿ ರೈಲು ಎಂದು ಎಲ್ಲರೂ ಕರೆದರೂ ಓಡಿಸುವುದು ಐಆರ್‌ಸಿಟಿಸಿ, ಅದರ ದೊಡ್ಡ ಷೇರುದಾರ ಸರ್ಕಾರವೇ. ದರ ಬೇಡಿಕೆಗೆ ತಕ್ಕಂತೆ, ರಿಯಾಯಿತಿ ಇಲ್ಲ, ಒಂದು ಗಂಟೆ ಮೀರಿ ತಡವಾದರೆ 100 ರೂಪಾಯಿ, ಎರಡು ಗಂಟೆ ಮೀರಿದರೆ 250 ರೂಪಾಯಿ ಪರಿಹಾರ ಎಂದು ಘೋಷಿಸಿದ್ದರು. ಪರಿಹಾರದ ಕಲ್ಪನೆ ಒಳ್ಳೆಯದೇ. ಅದನ್ನು ಸರ್ಕಾರಿ ರೈಲಿಗೂ ಯಾಕೆ ಅನ್ವಯಿಸಬಾರದು ಎಂದು ಮಾತ್ರ ಯಾರೂ ಕೇಳಲಿಲ್ಲ.

2020ರ ಜುಲೈಯಲ್ಲಿ ದೊಡ್ಡ ಹೆಜ್ಜೆ ಇಟ್ಟರು. 109 ಜೋಡಿ ಮಾರ್ಗ, 151 ರೈಲು, ಮಾರ್ಗಗಳ 12 ಗುಂಪು, 35 ವರ್ಷದ ಕರಾರು, 30,000 ಕೋಟಿ ರೂಪಾಯಿ ಹೂಡಿಕೆಯ ನಿರೀಕ್ಷೆ. ಬೆಂಗಳೂರೂ ಒಂದು ಗುಂಪು. ಹಳಿ ರೈಲ್ವೆಯದು, ಲೋಕೋಪೈಲಟ್ ಮತ್ತು ಗಾರ್ಡ್ ರೈಲ್ವೆಯವರು, ಬೋಗಿಯೂ ದರವೂ ಕಂಪನಿಯದು. ಒಂದು ವರ್ಷದ ನಂತರ ಬಿಡ್ ತೆರೆದರೆ ಇದ್ದವರು ಇಬ್ಬರೇ, ಅವರಲ್ಲಿ ಒಬ್ಬರು ಅದೇ ಐಆರ್‌ಸಿಟಿಸಿ. ಯೋಜನೆ ಅಲ್ಲಿಗೇ ಬಿತ್ತು. ಹಳಿ, ಸಿಗ್ನಲ್, ವೇಳಾಪಟ್ಟಿ ಎಲ್ಲ ಎದುರಾಳಿಯ ಕೈಯಲ್ಲಿರುವಾಗ, ಜಗಳವಾದರೆ ತೀರ್ಪು ಹೇಳಲು ಸ್ವತಂತ್ರ ನಿಯಂತ್ರಕನೂ ಇಲ್ಲದಿರುವಾಗ, 35 ವರ್ಷಕ್ಕೆ ಹಣ ಹೂಡುವ ಧೈರ್ಯ ಯಾರಿಗೂ ಬರಲಿಲ್ಲ ಎಂದು ನಾನು ತಿಳಿಯುತ್ತೇನೆ. ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಮಾರಾಟವನ್ನೂ ಕೇಂದ್ರ 2022ರ ಅಕ್ಟೋಬರ್‌ನಲ್ಲಿ ಕೈಬಿಟ್ಟದ್ದು ಕೊಳ್ಳುವವರ ಆಸಕ್ತಿ ಸಾಲದೆ. ಮಾರುತ್ತೇವೆ ಎಂದು ವರ್ಷಗಟ್ಟಲೆ ಬೋರ್ಡ್ ತೂಗುಹಾಕಿದ ಮನೆಗೆ ಯಾರೂ ಸುಣ್ಣ ಬಳಿಯುವುದಿಲ್ಲ. ಆ ನಡುವಿನ ವರ್ಷಗಳ ನಷ್ಟ ಭದ್ರಾವತಿಯವರಿಗೆ ಗೊತ್ತು.

ಒಂದು ಮಾತು ಇಲ್ಲಿ ಗಮನಿಸಿ: ಆ 151 ರೈಲುಗಳು ಹೆಚ್ಚು ಜನ ಓಡಾಡುವ ಮಾರ್ಗಗಳಿಗಾಗಿ. ತಾಳಗುಪ್ಪಕ್ಕೆ ಬರುತ್ತೇನೆಂದು ಯಾರೂ ಬರುವುದಿಲ್ಲ. ಗಳಿಕೆಯ ಮಾರ್ಗದ ಕೆನೆ ಹೋದರೆ ನಮ್ಮ ಮಾರ್ಗಕ್ಕೆ ಒಳಗಿಂದೊಳಗೆ ಬರುತ್ತಿದ್ದ ಹಣವೂ ತೆಳ್ಳಗಾಗುತ್ತದೆ. ಈ ಮಾದರಿಯಲ್ಲಿ ನಮ್ಮ ಊರಿನ ಹೆಸರು ಎಲ್ಲೂ ಬರುವುದಿಲ್ಲ, ಪರಿಣಾಮ ಮಾತ್ರ ಬರುತ್ತದೆ.

ಘಟ್ಟದ ಕೆಳಗಿನ ಕೊಂಕಣ ರೈಲ್ವೆ ಇನ್ನೊಂದು ಬಗೆ. 1990ರಲ್ಲಿ ಹುಟ್ಟಿದ ಈ ನಿಗಮದಲ್ಲಿ ಕೇಂದ್ರದ ಜೊತೆ ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳು ಪಾಲುದಾರರು. ಸಾಲಪತ್ರಗಳ ಮೂಲಕ ಹಣ ಎತ್ತಿ, 740 ಕಿಲೋಮೀಟರಿನಷ್ಟು ಕಷ್ಟದ ಮಾರ್ಗವನ್ನು 1998ರ ಹೊತ್ತಿಗೆ ಮುಗಿಸಿದರು. ಮಾಮೂಲು ಇಲಾಖೆಯ ವೇಗದಲ್ಲಿ ಅದು ಆಗುತ್ತಿತ್ತೆಂದು ಯಾರೂ ಹೇಳಲಾರರು. ಆದರೆ ಸಾಲ ತೀರಿಸಲು ಇರುವುದಕ್ಕಿಂತ ಹೆಚ್ಚು ಕಿಲೋಮೀಟರ್ ಲೆಕ್ಕ ಹಿಡಿದು ಟಿಕೆಟ್ ದರ ಹಾಕಬೇಕಾಯಿತು. ಕಟ್ಟುವುದಕ್ಕೆ ಈ ದಾರಿ ಚೆನ್ನ, ಆಮೇಲೆ ಜೋಡಿ ಹಳಿಗೆ, ದುರಸ್ತಿಗೆ ಹಣ ಹೊಂದಿಸುವುದು ಕಷ್ಟ. ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡುವ ಮಾತು ಬಂದಿರುವುದು ಅದಕ್ಕೇ.

ಬಸ್ಸು ಕಲಿಸಿದ್ದು

ಸರ್ಕಾರಿಯೂ ಅಲ್ಲ, ಮಾಲೀಕರದೂ ಅಲ್ಲ ಎನ್ನುವ ದಾರಿಯನ್ನು ಮಲೆನಾಡು ತಾನೇ ತುಳಿದು ನೋಡಿದೆ. ಕೊಪ್ಪದಲ್ಲಿ ಖಾಸಗಿ ಬಸ್ ಕಂಪನಿಯೊಂದು ಬಾಗಿಲು ಹಾಕಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಚಾಲಕ, ನಿರ್ವಾಹಕ, ಮೆಕ್ಯಾನಿಕ್ ಎಲ್ಲರೂ ಮಾಲೀಕರು. ಯಾರೂ ಹೋಗದ ಹಳ್ಳಿಗಳಿಗೆ ಬಸ್ಸು ಬಿಟ್ಟರು, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸ್ ಕೊಟ್ಟರು. ಸುಮಾರು ಮೂರು ದಶಕ ನಡೆದು 2020ರಲ್ಲಿ ನಷ್ಟ ತಾಳದೆ ನಿಂತಿತು. ಆ ರಿಯಾಯಿತಿಗೂ ಆ ಹಳ್ಳಿಗಳಿಗೂ ತಗಲಿದ ಖರ್ಚನ್ನು ಹೊರಗಿನಿಂದ ತುಂಬಿಕೊಡುವ ಕರಾರು ಅವರಿಗೆ ಇರಲಿಲ್ಲ. ಒಡೆತನ ಎಷ್ಟೇ ಒಳ್ಳೆಯವರದಾಗಿರಲಿ, ಊರಿನ ಸೇವೆಯ ಖರ್ಚನ್ನು ಟಿಕೆಟ್ ಕೊಳ್ಳುವವರೂ ದುಡಿಯುವವರೂ ಮಾತ್ರ ಹೊರಬೇಕೆಂದರೆ ಗಾಡಿ ಒಂದು ದಿನ ನಿಲ್ಲುತ್ತದೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಕಂಡದ್ದು ಇದರ ಇನ್ನೊಂದು ಮುಖ. ಮಹಿಳೆಯರಿಗೆ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ. ಮಲೆನಾಡಿನ ಒಳ ಊರುಗಳಿಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಹೀಗಾಗಿ ಒಂದೇ ರಾಜ್ಯದ ಒಂದೇ ಹಕ್ಕು ಮಂಡ್ಯದ ಹಳ್ಳಿಯ ಹೆಣ್ಣುಮಗಳಿಗೆ ಸಿಕ್ಕಷ್ಟು ಸುಲಭವಾಗಿ ಹೊಸನಗರದ ಹಳ್ಳಿಯವಳಿಗೆ ಸಿಗಲಿಲ್ಲ, ಅವಳು ಟಿಕೆಟ್ ಕೊಂಡೇ ಹೋದಳು. ತಪ್ಪು ಬಸ್ ಮಾಲೀಕರದಲ್ಲ. ಸರ್ಕಾರ ಮುಂದೆ ಯಾವುದಾದರೂ ಸವಲತ್ತು ಘೋಷಿಸಿದರೆ ಅದನ್ನು ಪಾಲಿಸಬೇಕು, ಖರ್ಚನ್ನು ಸರ್ಕಾರ ತುಂಬಬೇಕು ಎಂಬ ಷರತ್ತು ಪರ್ಮಿಟ್ಟಿನಲ್ಲಿ ಇರಲಿಲ್ಲ, ಅಷ್ಟೇ. ಖಾಸಗಿ ರೈಲಿನ ಕರಾರು ಬರೆಯುವವರು ಈ ಸಾಲನ್ನು ಮರೆತರೆ ವಿದ್ಯಾರ್ಥಿ ಪಾಸ್, ಅಂಗವಿಕಲರ ರಿಯಾಯಿತಿ ಎಲ್ಲವೂ ಇದೇ ದಾರಿ ಹಿಡಿಯುತ್ತವೆ.

ಜರ್ಮನಿ: ಊರಿಗೆ ಬೇಕಾದ ರೈಲನ್ನು ರಾಜ್ಯವೇ ಕೊಳ್ಳುವುದು

ನನಗೆ ಹೆಚ್ಚು ಒಪ್ಪಿಗೆಯಾದ ದಾರಿ ಇದು, ದೋಷಗಳ ಸಮೇತ. 1994ರಲ್ಲಿ ಜರ್ಮನಿ ತನ್ನ ರೈಲ್ವೆಯನ್ನು ಕಂಪನಿಯಾಗಿ ಬದಲಿಸಿತು, ಷೇರು ಪೂರ್ತಿ ಸರ್ಕಾರದ್ದೇ. 2008ರಲ್ಲಿ ಒಂದಿಷ್ಟು ಮಾರಲು ಹೊರಟಿದ್ದರು, ಜಾಗತಿಕ ಹಣಕಾಸು ಬಿಕ್ಕಟ್ಟು ಬಂದು ನಿಂತಿತು. ನಮಗೆ ಮುಖ್ಯವಾದದ್ದು 1996ರ ಬದಲಾವಣೆ. ಸ್ಥಳೀಯ ರೈಲುಗಳ ಹೊಣೆ ರಾಜ್ಯಗಳಿಗೆ ಬಂತು, ಜೊತೆಗೆ ಕೇಂದ್ರದಿಂದ ಹಣವೂ ಬಂತು. ಈ ಮಾರ್ಗದಲ್ಲಿ ದಿನಕ್ಕೆ ಇಷ್ಟು ರೈಲು, ಇಷ್ಟು ಹೊತ್ತಿಗೆ, ಇಂಥ ಬೋಗಿ, ಇಷ್ಟು ದರ ಎಂದು ರಾಜ್ಯ ನಿಗದಿ ಮಾಡಿ ಟೆಂಡರ್ ಕರೆಯುತ್ತದೆ. ಇದನ್ನು ನಡೆಸಲು ಅತಿ ಕಡಿಮೆ ಸಹಾಯಧನ ಕೇಳಿದವರಿಗೆ ಕೆಲಸ. ಸರ್ಕಾರಿ ಕಂಪನಿಯೂ ಸ್ಪರ್ಧಿಸಬಹುದು. ನಷ್ಟ ಬರುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಆ ನಷ್ಟಕ್ಕೆ ಬೆಲೆ ಕಟ್ಟಿ, ಬಜೆಟ್‌ನಲ್ಲಿ ಬರೆದಿಡುವುದು ಇದರ ಹೂರಣ. 1966ರಲ್ಲಿ ಪ್ರಯಾಣಿಕರ ರೈಲು ನಿಂತಿದ್ದ ಶೋನ್‌ಬುಕ್ ಎಂಬ ಸಣ್ಣ ಮಾರ್ಗ 1996ರಲ್ಲಿ ಮತ್ತೆ ತೆರೆದು, ಅಂದಾಜಿಗಿಂತ ಎಷ್ಟೋ ಹೆಚ್ಚು ಜನ ಹತ್ತಿದ್ದು ಇದೇ ವ್ಯವಸ್ಥೆಯಲ್ಲಿ.

ದೋಷಗಳು? ಕಡಿಮೆ ಬೆಲೆ ಕೂಗಿ ಕೆಲಸ ಹಿಡಿದ ಕಂಪನಿಗಳು ಸೋತವು. ಅಬೆಲಿಯೊ ಎಂಬ ದೊಡ್ಡ ಕಂಪನಿ 2021ರಲ್ಲಿ ದಿವಾಳಿ ರಕ್ಷಣೆ ಕೋರಿತು, ರಾಜ್ಯಗಳು ತರಾತುರಿಯಲ್ಲಿ ಬೇರೆಯವರನ್ನು ಹುಡುಕಿದವು. ಹಳಿಗೆ ವರ್ಷಗಟ್ಟಲೆ ಸಾಕಷ್ಟು ಹಣ ಹಾಕದೆ 2024ರಲ್ಲಿ ದೂರದ ರೈಲುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ತಡವಾಗಿ ಓಡಿದವು. ಜರ್ಮನ್ ರೈಲೆಂದರೆ ಗಡಿಯಾರ ಎಂಬ ನಂಬಿಕೆ ಇಟ್ಟುಕೊಂಡವರು ಅದನ್ನು ಇನ್ನು ಸ್ವಿಟ್ಜರ್‌ಲೆಂಡಿಗೆ ವರ್ಗಾಯಿಸಬಹುದು. ಅಲ್ಲಿನ ರಾಷ್ಟ್ರೀಯ ರೈಲ್ವೆ, ಅಂದಹಾಗೆ, ಪೂರ್ತಿ ಸರ್ಕಾರದ್ದು.

ಹಾಗಾದರೆ ನಮಗೆ ಯಾವುದು

ಹಳಿ, ಸಿಗ್ನಲ್, ನಿಲ್ದಾಣದ ಜಾಗ ಮಾರಾಟಕ್ಕಿಲ್ಲ. ಇದರಲ್ಲಿ ರಾಜಿ ಬೇಡ, ಹ್ಯಾಟ್‌ಫೀಲ್ಡ್ ಒಂದೇ ಸಾಕು. ಗೂಡ್ಸ್‌ನಲ್ಲಿ ಖಾಸಗಿಯವರು ಹೆಚ್ಚಾಗಲಿ, ಹಳಿಯ ಬಾಡಿಗೆ ಸರಿಯಾಗಿ ಕಟ್ಟಿದರೆ ನಮಗೇನೂ ನಷ್ಟವಿಲ್ಲ. ಬೆಂಗಳೂರು–ಮುಂಬೈ ಥರದ ಮಾರ್ಗಗಳಲ್ಲಿ ದುಬಾರಿ ಖಾಸಗಿ ರೈಲು ಬಂದರೂ ಬರಲಿ, ಆದರೆ ಅದರಿಂದ ಬರುವ ಹಳಿ ಬಾಡಿಗೆಯ ಒಂದು ಪಾಲು ತುದಿ ಮಾರ್ಗಗಳಿಗೆ ಎಂದು ಕಾನೂನಿನಲ್ಲೇ ಬರೆಯಬೇಕು.

ಬೀರೂರು–ತಾಳಗುಪ್ಪದ ಸ್ಥಳೀಯ ರೈಲುಗಳಿಗೆ ಜರ್ಮನಿಯ ಕ್ರಮ ಹೊಂದುತ್ತದೆ. ರಾಜ್ಯ ಸರ್ಕಾರಕ್ಕೆ ಇದು ಅಪರಿಚಿತವೂ ಅಲ್ಲ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗಕ್ಕೆ ಜಮೀನನ್ನೂ ಅರ್ಧ ವೆಚ್ಚವನ್ನೂ ಕೊಡಲು ಒಪ್ಪಿರುವುದು ರಾಜ್ಯವೇ. ಹಳಿ ಹಾಕಲು ಹಣ ಕೊಡುವವರು ಅದರ ಮೇಲೆ ಯಾವ ಹೊತ್ತಿಗೆ ರೈಲು ಓಡಬೇಕೆಂದು ಹೇಳುವ ಹಕ್ಕು ಕೇಳದಿರುವುದೇ ಸೋಜಿಗ.

ಅಂಥ ಕರಾರು ಎಂದಾದರೂ ಕೈಗೆ ಬಂದರೆ ಮೊದಲ ಪುಟದ ಹೂಡಿಕೆಯ ಮೊತ್ತ ಬಿಟ್ಟು ಹಿಂದಿನ ಪುಟಗಳಿಂದ ಓದಿ. ಕಂಪನಿ ನಡುವೆ ಕೈಬಿಟ್ಟರೆ ಮರುದಿನ ಬೆಳಿಗ್ಗೆ ರೈಲು ಓಡಿಸುವವರು ಯಾರು, ಬೋಗಿಗಳು ಆಗ ಯಾರದು, ಠೇವಣಿ ಎಷ್ಟು ಎಂಬುದು ಅಲ್ಲಿರುತ್ತದೆ. ದೆಹಲಿಯ ವಿಮಾನ ನಿಲ್ದಾಣ ಮೆಟ್ರೊ ಮಾರ್ಗವನ್ನು 2011ರಲ್ಲಿ ಆರಂಭಿಸಿದ ಖಾಸಗಿ ಕಂಪನಿ 2013ರಲ್ಲಿ ಬಿಟ್ಟು ಹೋಯಿತು. ರೈಲು ನಿಲ್ಲಲಿಲ್ಲ, ದೆಹಲಿ ಮೆಟ್ರೊ ನಿಗಮ ವಹಿಸಿಕೊಂಡಿತು. ಆದರೆ ಯಾರು ಯಾರಿಗೆ ಎಷ್ಟು ಕೊಡಬೇಕೆಂಬ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2024ರಲ್ಲಿ. ಮಹಾನಗರಕ್ಕೆ ಬದಲಿ ನಿಗಮ ಇತ್ತು. ನಮಗೆ ಬದಲಿಯಾಗಿ ಬರುವವರ ಹೆಸರು ಕರಾರಿನಲ್ಲೇ ಇರಬೇಕು.

ತಡಕ್ಕೆ ದಂಡ ಇರಲಿ, ಆದರೆ ರೈಲನ್ನೇ ರದ್ದು ಮಾಡುವುದಕ್ಕೆ ಅದಕ್ಕಿಂತ ದೊಡ್ಡ ದಂಡ ಇರಬೇಕು. ಇಲ್ಲದಿದ್ದರೆ ತಡವಾದ ರೈಲನ್ನು ರದ್ದು ಮಾಡುವುದೇ ಕಂಪನಿಗೆ ಅಗ್ಗ. ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಬೇಕು, ಮೋಡ ಕವಿದ ದಿನವೆಲ್ಲ ದೈವೇಚ್ಛೆ ಎಂದು ಬರೆದುಕೊಳ್ಳಲು ಬಿಡಬಾರದು. ಅವಧಿ ಹತ್ತು ಹನ್ನೆರಡು ವರ್ಷ ಸಾಕು. 35 ವರ್ಷವೆಂದರೆ ಸಹಿ ಹಾಕಿದ ಅಧಿಕಾರಿಯೂ ಪ್ರಶ್ನೆ ಕೇಳಿದ ಪ್ರಯಾಣಿಕನೂ ಇಬ್ಬರೂ ಉಳಿದಿರುವುದಿಲ್ಲ.

ಇಷ್ಟಕ್ಕೆಲ್ಲ ರಾಜ್ಯದ ಬಜೆಟ್‌ನಲ್ಲಿ ಪ್ರತಿ ವರ್ಷ ಒಂದು ಸಾಲು ಬೇಕು: ಮಲೆನಾಡಿನ ಸ್ಥಳೀಯ ರೈಲುಗಳ ನಷ್ಟ ತುಂಬಲು ಇಷ್ಟು ಕೋಟಿ ಎಂದು. ಆ ಸಾಲು ಬರುವ ತನಕ ಯಾವ ಕಂಪನಿ ಎಷ್ಟು ಅಂದದ ಬೋಗಿಯ ಚಿತ್ರ ತೋರಿಸಿದರೂ, ಟಿಕೆಟ್ಟಿನ ಮೇಲೆ ಹಂಗಿಸುತ್ತಲೇ ಓಡುವ ಈಗಿನ ಸರ್ಕಾರಿ ರೈಲಿಗೇ ನನ್ನ ಮತ.